ಸೂರ್ಯನ ಮೇಲೆ ಬೈಗೆ ಮೀನಿನ ಹುರುಪೆ

ಅವರ ಕೈಗಳು ಮೊಣಕೈಯಿಂದ ಕೆಳಗೆ ಕೆಂಡದ ಮೇಲೆ ಸುಟ್ಟ ಬಂಗುಡೆಯ ಬಣ್ಣ. ಮುಖ ಮಾತ್ರ ಬೆಳ್ಳಗೆ, ಬಾಣಂತಿ ಕೋಣೆಯಿಂದ ಈಗಷ್ಟೇ ಹೊರಗೆ ಬಂದವರ ಹಾಗೆ. ಮೊದಲ ಸಲ ನೋಡಿದವರು ಯಾರದೋ ಮುಖಕ್ಕೆ ಇನ್ಯಾರದೋ ಕೈ ಜೋಡಿಸಿದ್ದಾರೆ ಎಂದುಕೊಳ್ಳಬೇಕು. ಕಾರಣ ಇಷ್ಟೇ. ಅರ್ಧ ಆಯುಷ್ಯವನ್ನು ಅವರು ಡಾರ್ಕ್‌ರೂಮಿನ ಕತ್ತಲೆಯಲ್ಲಿ ಕಳೆದರು, ಉಳಿದದ್ದನ್ನು ತಾರಸಿಯ ಮೇಲೆ ಕಪ್ಪು ಬಟ್ಟೆಯ ಮುಸುಕು ಹಾಕಿಕೊಂಡು ಸೂರ್ಯನ ಫೋಟೊ ತೆಗೆಯುತ್ತ ಕಳೆದರು. ಮುಸುಕಿನ ಹೊರಗೆ ಉಳಿಯುತ್ತಿದ್ದದ್ದು ಕೈ ಎರಡೇ. ಆ ಬೆಳ್ಳನೆಯ ಮುಖದಲ್ಲಿ ನಗುವನ್ನು ನಾನು ಒಂದೇ ಸಲ ನೋಡಿದ್ದೇನೆ, ಅದೂ ಅವರು ನಗಬಾರದಿದ್ದ ದಿನ.

ಊರಿನವರಿಗೆ ಅವರು ‘ಸ್ಟುಡಿಯೋದವ್ರು’. ನನ್ನ ಅಮ್ಮನಿಗೆ ಮಾತ್ರ ‘ಆ ಸ್ಟುಡಿಯೋದವ’. ನಾನು ಅಮ್ಮನ ಮಗಳೇ. ಆದರೂ ಇಲ್ಲಿ ಬಹುವಚನ ಹಾಕುತ್ತಿದ್ದೇನೆ, ಯಾಕೆಂದರೆ ಸತ್ತವರ ಬಗ್ಗೆ ಬರೆಯುವಾಗ ಮರ್ಯಾದೆ ಇಟ್ಟುಕೊಳ್ಳಬೇಕು ಎನ್ನುತ್ತಾರೆ. ಒಳ್ಳೆಯದನ್ನೇ ಬರೆಯಬೇಕು ಎಂದೂ ಹೇಳುತ್ತಾರೆ. ಆ ಭರವಸೆ ನನ್ನಿಂದ ಬೇಡ.

ಅವರ ಸ್ಟುಡಿಯೋ ಇದ್ದದ್ದು ಕುಂದಾಪುರ ಪೇಟೆಯಲ್ಲಿ, ಕಡಿದಾದ ಮರದ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು, ಒಳಗೆ ಹೋದರೆ ಉಸಿರು ಬಿಡಬೇಡಿ ಎಂದು ಬೈಗುಳ. ಹಲ್ಲು ಕಾಣಿಸಿದರೆ ಬೈಗುಳ, ಗಲ್ಲ ಎತ್ತಿದರೆ ಬೈಗುಳ. ಮದುವೆಯಾಗಿ ನೇರ ಅಲ್ಲಿಗೆ ಬಂದ ಗಂಡುಗಳಿಗೆ, “ಎಂತ ಹಾಂಗ್ ನಿಂತದ್, ಹೆಣ ಕಾಯುಕೆ ನಿಂತಾಂಗೆ?” ಎಂದು ಕೇಳುತ್ತಿದ್ದರು. ಮಕ್ಕಳು ಅತ್ತರೆ ಗಿಲಕಿ ಆಡಿಸುವ ಅಭ್ಯಾಸ ಇರಲಿಲ್ಲ, ಅಳುತ್ತಿರುವ ಹಾಗೆಯೇ ತೆಗೆದು ಕೈಗೆ ಕೊಡುತ್ತಿದ್ದರು. ಆದರೂ ಜನ ಹೋಗುತ್ತಿದ್ದರು. ಫೋಟೊ ಚೆನ್ನಾಗಿ ಬರುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ಬಲಕೆನ್ನೆಯ ಮೇಲೆ ಹೆಸರುಕಾಳಿನಷ್ಟು ದೊಡ್ಡ ಕಪ್ಪು ಮಚ್ಚೆ ಇದೆ. ಬಣ್ಣವೂ ಅಮ್ಮನದೇ, ಬಿಸಿಲಲ್ಲಿ ಬೆಳೆದ ಬಣ್ಣ. ಸಂಬಂಧಕ್ಕೆ ಕಳಿಸಲು ಫೋಟೊ ಬೇಕಾದಾಗ ಅಮ್ಮ ನನ್ನನ್ನು ಆ ಮೆಟ್ಟಿಲು ಹತ್ತಿಸಿದಳು. ಬೇರೆ ಸ್ಟುಡಿಯೋಗಳಲ್ಲಿ ಆಗ ಮುಖ ಬೆಳ್ಳಗೆ ಮಾಡಿ ಕೊಡುವುದು ಮಾಮೂಲಿಯಾಗಿತ್ತು. ಫೋಟೊ ತೆಗೆದಾದ ಮೇಲೆ ಅಮ್ಮ ಧ್ವನಿ ತಗ್ಗಿಸಿ ಕೇಳಿದಳು.

“ಹ್ವಾಯ್, ಆ ಮಚ್ಚಿ ಒಂದ್ ಚೂರ್ ಅಳ್ಸಿ ಕೊಡಿ. ಮುಖವೂ ಸ್ವಲ್ಪ ಬೆಳಿ ಮಾಡಿ.”

“ಮಚ್ಚಿ ಇತ್ತಾ ಇಲ್ಯಾ?”

“ಇತ್ತ್.”

“ಹಂಗಾರೆ ಫೋಟೊದಗೂ ಇರ್ತ್. ಇದ್ದದ್ದ್ ತೆಗುದಿಲ್ಲೆ, ಇಲ್ದಿದ್ದ್ ಹಾಕುದಿಲ್ಲೆ. ಬೆಳಿ ಮುಖ ಬೇಕಿದ್ರೆ ಬೆಳಿ ಹೆಣ್ಣನ್ನ ಕರ್ಕಂಡ್ ಬನಿ.”

ಆ ಮಾತನ್ನು ಅವರು ನನ್ನ ಎದುರೇ ಹೇಳಿದರು. ನಾನು ಇನ್ನೂ ಸ್ಟೂಲಿನ ಮೇಲೆ ಕೂತಿದ್ದೆ, ಲೈಟು ಇನ್ನೂ ನನ್ನ ಮುಖದ ಮೇಲಿತ್ತು. ಫೋಟೊ ಮುಂಬೈಗೆ ಹೋಯಿತು. ಬಹಳ ದಿನ ಉತ್ತರ ಬರಲಿಲ್ಲ, ಆಮೇಲೆ ದಲ್ಲಾಳಿ ಬಂದು “ಹೆಣ್ಣಿನ ಕೆನ್ನಿ ಮೇಲೆ ಎಂತದೋ ಇತ್ತಂಬ್ರ್” ಎಂದು ಹೇಳಿ ಚಹಾ ಕುಡಿದು ಹೋದ. ಅದರ ನಂತರ ಬಂದ ಒಂದೆರಡು ಸಂಬಂಧಗಳೂ ಹಾಗೇ ಜಾರಿದವು. ಮದುವೆ ಆಗದೆ ಹೋದದ್ದಕ್ಕೆ ನನಗೆ ಅಂಥ ದುಃಖವಿಲ್ಲ, ಮೀನಿನ ವ್ಯಾಪಾರಕ್ಕೆ ಗಂಡ ಬೇಕೆಂದೇನಿಲ್ಲ. ಅಮ್ಮನಿಗೆ ದುಃಖವಿತ್ತು. ಅದಕ್ಕೆ ಹೊಣೆ ಯಾರು ಎಂದು ಅವಳು ಅಂದೇ ತೀರ್ಮಾನಿಸಿದ್ದಳು. ನನಗೆ ನೆನಪಿರುವುದು ಮದುವೆ ತಪ್ಪಿದ್ದಲ್ಲ, ಆ ಸ್ಟೂಲು ಮತ್ತು ಆ ಲೈಟು.

ಇಂಥ ಮನುಷ್ಯ ನಮ್ಮ ನೆರೆಗೇ ಬಂದು ಕೂತರು ಎಂದರೆ ಅದು ನಮ್ಮ ಹಣೆಬರಹ. ಎಲ್ಲರ ಕೈಯಲ್ಲೂ ಮೊಬೈಲು ಬಂದ ಮೇಲೆ ಸ್ಟುಡಿಯೋಕ್ಕೆ ಜನ ಹತ್ತುವುದು ನಿಂತಿತು. ಅವರು ಬಾಗಿಲು ಹಾಕಿ, ಕುಂದಾಪುರ ಮತ್ತು ಬೈಂದೂರಿನ ನಡುವೆ ಕಡಲ ಬದಿಯಲ್ಲಿರುವ ನಮ್ಮ ಊರಿಗೆ ಬಂದು ಮನೆ ಕಟ್ಟಿಸಿದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮನೆ ಕಡಲ ಕಡೆಗೆ, ನಮ್ಮದು ಅದಕ್ಕೆ ತಾಗಿ ಮೂಡಣಕ್ಕೆ. ಅಂದರೆ ಅವರ ಪಾಲಿಗೆ ಸೂರ್ಯ ದಿನಾ ನಮ್ಮ ತಾರಸಿಯ ಮೇಲಿಂದಲೇ ಏಳಬೇಕು. ಜಗಳಕ್ಕೆ ಇಷ್ಟು ಸಾಕಾಗಿತ್ತು.

ಯಾಕೆಂದರೆ ಆ ತಾರಸಿ ನಮ್ಮ ಅನ್ನ. ಅಮ್ಮ, ಅವಳ ಹಿಂದೆ ನಾನು, ಬಂದರಿನಿಂದ ಮೀನು ತಂದು, ಸೀಳಿ ಉಪ್ಪು ಹಾಕಿ, ಮಳೆ ಬಿಟ್ಟ ದಿನದಿಂದ ಮತ್ತೆ ಮಳೆ ಬರುವ ತನಕ ಅಲ್ಲಿ ಒಣಗಿಸುತ್ತಿದ್ದೆವು. ಬೈಗೆ, ಬಂಗುಡೆ, ಚಟ್ಲಿ ಎನ್ನುವ ಸಿಗಡಿ, ಯಾವುದು ಸಿಕ್ಕಿದರೆ ಅದು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ. ಆಗ ಒಣಮೀನಿನ ಬುಟ್ಟಿ ಬಸ್ಸಿಗೇರಿಸಿ ಹಾಲಾಡಿ ಕಡೆಗೆ ಹೋದರೆ ಮೇಲಿನ ಊರುಗಳವರು ಕೈಯಿಂದ ಕಿತ್ತುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಬೇರೆ ಸಂಪಾದನೆ ಇರಲಿಲ್ಲ. ಬೇರೆ ಜಾಗವೂ ಇರಲಿಲ್ಲ, ಅಂಗಳಕ್ಕೆ ತೆಂಗಿನ ಮರದ ನೆರಳು. ತಾರಸಿ ಇದ್ದರೆ ನಾವು.

ಸ್ಟುಡಿಯೋದವರಿಗೂ ತಾರಸಿಯೇ ಸರ್ವಸ್ವವಾಯಿತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಉದ್ದನೆಯ ದುರ್ಬೀನು, ಅದರ ಬಾಯಿಗೆ ಬೆಳ್ಳಿಯ ಹಾಳೆಯಂಥ ತೆಳು ಮುಚ್ಚಳ, ಹಿಂದೆ ಕ್ಯಾಮೆರಾ. ಆ ಮುಚ್ಚಳ ಇಲ್ಲದೆ ನೋಡಿದರೆ ಕಣ್ಣು ಸುಟ್ಟೇ ಹೋಗುತ್ತದೆಯಂತೆ. ಬೆಳಿಗ್ಗೆ ಕಡಲಗಾಳಿ ಏಳುವ ಮೊದಲು ಅವರು ಮುಸುಕು ಹಾಕಿ ನಿಂತರೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಸೂರ್ಯನ ಮೈಮೇಲೆ ಕಪ್ಪು ಕಲೆಗಳು ಬರುತ್ತವೆ, ಒಂದು ಅಂಚಿನಲ್ಲಿ ಹುಟ್ಟಿದ್ದು ದಿನದಿಂದ ದಿನಕ್ಕೆ ಸರಿದು ಇನ್ನೊಂದು ಅಂಚಿನಲ್ಲಿ ಮರೆಯಾಗುತ್ತದೆ, ಸೂರ್ಯನೂ ಬುಗುರಿಯಂತೆ ತಿರುಗುತ್ತಾನೆ ಎಂಬುದಕ್ಕೆ ಅದೇ ಗುರುತು. ಇದನ್ನೆಲ್ಲ ಅವರು ನನಗೆ ಹೇಳಿದ್ದಲ್ಲ. ಬೇಲಿಯಾಚೆ ಪೋಸ್ಟಿನವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದದ್ದು. ಪೋಸ್ಟಿನವರು ಪಾಪ, ಬ್ಯಾಗು ಹೊತ್ತುಕೊಂಡೇ ಹೂಂಗುಟ್ಟುತ್ತಿದ್ದರು.

ಮುಖ ತೆಗೆಯುವುದು ಬಿಟ್ಟು ಇದೇನು ಹುಚ್ಚು ಎಂದು ಪೋಸ್ಟಿನವರೇ ಒಮ್ಮೆ ಕೇಳಿದರು. ಸಿಕ್ಕ ಉತ್ತರ ನನಗೂ ಕೇಳಿಸಿತು. “ಸೂರ್ಯ ಮುಖ ಬೆಳಿ ಮಾಡಿ ಅಂದೇಳಿ ಕೇಣುದಿಲ್ಲೆ.” ಮೀನು ಮಗುಚುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನಮ್ಮನ್ನು ನೋಡಿ ಅಂದದ್ದೋ, ಲೋಕಕ್ಕೆ ಅಂದದ್ದೋ ತಿಳಿಯಲಿಲ್ಲ.

ಮೀನು ಇದ್ದಲ್ಲಿ ಕಾಗೆ, ಕಾಗೆ ಇದ್ದಲ್ಲಿ ಗಿಡುಗ. ಅವೆಲ್ಲ ಅವರ ಸೂರ್ಯನ ಮೇಲೆ ಹಾದು ಹೋಗುತ್ತಿದ್ದವು. ಕಾಂಕ್ರೀಟು ಕಾದು ಏಳುವ ಬಿಸಿಗಾಳಿಯಿಂದ ಸೂರ್ಯನ ಅಂಚು ಕುದಿಯುವ ಗಂಜಿಯಂತೆ ಕುಣಿಯುತ್ತದೆ ಎಂಬುದು ಇನ್ನೊಂದು ದೂರು. ಆ ಕಾಂಕ್ರೀಟೂ ನಮ್ಮದೇ ಆದ್ದರಿಂದ ಅದೂ ನಮ್ಮ ತಪ್ಪು.

“ಹ್ವಾಯ್, ಆ ಕಾಕಿ ಒಂದ್ ಓಡ್ಸಿ ಕಾಂಬ.”

“ಕಾಕಿ ಎಂತ ನಾ ಸಾಕದ್ದಾ?” ಎಂದು ಅಮ್ಮ.

“ಸಾಕುದಲ್ದೆ ಮತ್ತೆಂತ? ದಿನಾ ಊಟಕ್ಕ್ ಹಾಕ್ತ್ರಿ.”

“ಸೂರ್ಯ ಎಂತ ನಿಮ್ಮಪ್ಪನ ಮನಿದ್ದಾ? ನಮ್ ಮೀನಿಗೂ ಬಿಸ್ಲ್ ಬೇಕ್.”

“ಬಿಸ್ಲ್ ಪೂರ ನೀವೇ ತಕಣಿ. ನಂಗೆ ಸೂರ್ಯ ಒಂದ್ ಸಾಕ್.”

ಅಮ್ಮ ಹಳೆಯ ಬಲೆಯೊಂದನ್ನು ತಂದು ಮೀನಿನ ಮೇಲೆ ಕಟ್ಟಿದಳು. ಕಾಗೆ ಕಡಿಮೆಯಾಯಿತು, ಜಗಳ ಕಡಿಮೆಯಾಗಲಿಲ್ಲ. ಈಗ ಬಲೆಯ ನೆರಳು, ಆಮೇಲೆ ನೊಣ, ಅದಾದ ಮೇಲೆ ನಾತ. ಒಂದು ಬೆಳಿಗ್ಗೆ ಗಿಡುಗವೊಂದು ರೆಕ್ಕೆ ಬಿಚ್ಚಿ ಸರಿಯಾಗಿ ಸೂರ್ಯನ ನಡುವೆ ಹಾದದ್ದು ಅವರ ಕ್ಯಾಮೆರಾದಲ್ಲಿ ಸಿಕ್ಕಿತಂತೆ. ಪೋಸ್ಟಿನವರು ನೋಡಿ, ಕಟ್ಟು ಹಾಕಿಸಿ ಗೋಡೆಗೆ ಹಾಕುವಂಥ ಚಿತ್ರ ಎಂದರು. ಇವರು ಅಳಿಸಿದರು. “ನಾನ್ ಗಿಡುಗನ ಫೋಟೊ ತೆಗುದಲ್ಲ” ಎಂದರಂತೆ. ಅಷ್ಟು ಚೆಂದದ್ದನ್ನೂ ಸಹಿಸದ ಮನುಷ್ಯ ನೆರೆಯವರನ್ನು ಸಹಿಸುತ್ತಾರೆಯೇ?

ಮಳೆಗಾಲದಲ್ಲಿ ಮಾತ್ರ ಶಾಂತಿ. ಸೂರ್ಯ ಇಲ್ಲ, ಮೀನೂ ಇಲ್ಲ. ಅವರು ಕ್ಯಾಮೆರಾ ಮಸೂರಗಳಿಗೆ ಬೂಸಲು ಹಿಡಿಯದಂತೆ ಬಲ್ಬು ಉರಿಸಿಟ್ಟ ಕಪಾಟಿನ ಎದುರು ಕೂತಿರುತ್ತಿದ್ದರು, ನಾವು ಒಣಮೀನಿನ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ ಕೂತಿರುತ್ತಿದ್ದೆವು. ಒಂದೇ ಒದ್ದೆ ಕಡಲಗಾಳಿ ಎರಡು ಮನೆಗಳಿಗೂ ಶತ್ರು. ಹಾಗೆಂದು ಗೆಳೆತನವೇನೂ ಹುಟ್ಟಲಿಲ್ಲ.

ಅವರು ನಮ್ಮ ಅಂಗಳಕ್ಕೆ ಮೊದಲು ಕಾಲಿಟ್ಟದ್ದು ಗ್ರಹಣದ ದಿನ. ದಕ್ಷಿಣದ ಕಡೆ ಸೂರ್ಯ ಬಳೆಯಾಗುತ್ತಾನೆ, ನಮ್ಮಲ್ಲಿ ಬಹುಪಾಲು ಮುಚ್ಚುತ್ತಾನೆ ಎಂದು ಸುದ್ದಿ. ಅಮ್ಮ ಬೆಳಿಗ್ಗೆಯೇ ಒಲೆ ಆರಿಸಿ, ನೀರಿಗೆ, ಉಪ್ಪಿನಕಾಯಿಗೆ ಗರಿಕೆ ಹಾಕಿ, ಒಣಮೀನಿನ ಡಬ್ಬಿಗೂ ಒಂದೊಂದು ಎಸಳು ಹಾಕಿದ್ದಳು. ಆಮೇಲೆ ಅಂಗಳದಲ್ಲಿ ಹಿತ್ತಾಳೆಯ ಬೋಗುಣಿಯಲ್ಲಿ ಸಗಣಿ ನೀರು ಕದಡಿ ಇಟ್ಟು, ಅದರಲ್ಲಿ ಸೂರ್ಯನ ಬಿಂಬ ನೋಡಲು ಕೇರಿಯ ಹೆಂಗಸರನ್ನೆಲ್ಲ ಕರೆದಿದ್ದಳು. ಅವಳ ಅಜ್ಜಿಯ ಕಾಲದಿಂದ ಗ್ರಹಣ ನೋಡಿದ್ದು ಹಾಗೆಯೇ. ಎಲ್ಲರೂ ಬಗ್ಗಿ ಕೂತಿದ್ದಾಗ ಆಚೆ ತಾರಸಿಯಿಂದ ಕೂಗು ಬಂತು. ಯಾರೂ ತಲೆ ಎತ್ತಲಿಲ್ಲ, ದಿನದ ಕೂಗೇ ತಾನೆ. ಮರುಗಳಿಗೆಯಲ್ಲಿ ಅವರು ಬೇಲಿ ದಾಟಿ ಬಂದು ಬೋಗುಣಿಗೆ ಒದ್ದರು. ಸಗಣಿ ನೀರು ಅಮ್ಮನ ಸೀರೆಯ ಮೇಲೆಲ್ಲ ಚೆಲ್ಲಿತು.

“ಕಣ್ಣ್ ಹೋಯ್ಕಾ ನಿಮ್ಗೆ? ನೀರಂಗೆ ಕಂಡ್ರೂ ಸುಡ್ತ್.”

“ನಿಮ್ ಕಾಲ್ ಮುರ್ದ್ ಹೋಯ್ಲಿ” ಎಂದಳು ಅಮ್ಮ. ಗ್ರಹಣಕಾಲದಲ್ಲಿ ಶಾಪ ಹಾಕಿದರೆ ಬೇಗ ತಾಗುತ್ತದೆ ಎಂದು ಅವಳ ನಂಬಿಕೆ, ಆದ್ದರಿಂದ ಎರಡೆರಡು ಸಲ ಹೇಳಿದಳು.

ಅವರು ಜೇಬಿನಿಂದ ಸಣ್ಣ ಕನ್ನಡಿ ತೆಗೆದರು. ಅದಕ್ಕೆ ಕಾಗದ ಅಂಟಿಸಿ ನಡುವೆ ಬಟಾಣಿಯಷ್ಟು ತೂತು ಬಿಟ್ಟಿದ್ದರು. ಅದನ್ನು ಬೇಲಿಯ ಕಂಬಕ್ಕೆ ಸಿಕ್ಕಿಸಿ ತಿರುಗಿಸಿದಾಗ ನಮ್ಮ ಜಗಲಿಯ ನೆರಳಿನ ಗೋಡೆಯ ಮೇಲೆ ಸೂರ್ಯ ಬಿದ್ದ, ಬಿದಿಗೆ ಚಂದ್ರನ ಹಾಗೆ ಬಾಗಿ. ಬೆನ್ನು ಕನ್ನಡಿಗೆ, ಮುಖ ಗೋಡೆಗೆ ಮಾಡಿ ನೋಡಿ ಎಂದು ಗದರಿ ಹೋದರು. ಹೆಂಗಸರು ಗ್ರಹಣ ಬಿಡುವ ತನಕ ಅಲ್ಲೇ ಕೂತು ನೋಡಿದರು. ಅಮ್ಮ ನೋಡಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಸಂದಿಯಿಂದ ನೋಡಿದಳೋ ಏನೋ, ನಾನು ಕೇಳಿಲ್ಲ.

ಆ ವರ್ಷಗಳು ಸೂರ್ಯನ ಮೇಲೆ ಕಲೆಗಳೇ ಇಲ್ಲದ ವರ್ಷಗಳು. ಅದೂ ಒಂದು ಸುತ್ತಿನಂತೆ ಬರುತ್ತದಂತೆ, ಕೆಲವು ವರ್ಷ ತುಂಬ, ಕೆಲವು ವರ್ಷ ಬರಿದು. ಸ್ಟುಡಿಯೋದವರು ದಿನಾ ನಿಂತು ದಿನಾ ಖಾಲಿ ಬಿಲ್ಲೆಯ ಫೋಟೊ ತೆಗೆದರು. ಜಿಲ್ಲೆಯ ಆಕಾಶ ವೀಕ್ಷಕರ ಒಂದು ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸುತ್ತಿದ್ದರು, ಎಲ್ಲರೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು. ಖಾಲಿ ಸೂರ್ಯನಿಂದ ಅವರ ಕೋಪ ಇನ್ನಷ್ಟು ಏರಿತು. ಸೂರ್ಯನನ್ನು ಬೈಯುವ ಹಾಗಿಲ್ಲ, ನಮ್ಮನ್ನು ಬೈಯಬಹುದಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಮುಸುಕು ತೆಗೆದು ನನ್ನನ್ನೇ ಕರೆದರು. “ಏ ಹೆಣೆ, ಬಾ ಕಾಂಬ. ಬಂತ್.” ನಾನು ಅಮ್ಮ ಇಲ್ಲದ್ದನ್ನು ನೋಡಿಕೊಂಡು ಅವರ ತಾರಸಿ ಹತ್ತಿದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಬೆಳ್ಳನೆಯ ದುಂಡು ಸೂರ್ಯ, ಬಲಗಡೆ ಸ್ವಲ್ಪ ಕೆಳಗೆ ಒಂದು ಕಪ್ಪು ಚುಕ್ಕೆ. ಅವರು ನಗುತ್ತಿದ್ದರು. ಮುಂದಿನ ಹಲ್ಲೊಂದು ಇಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.

“ಇದನ್ನ ಅಳ್ಸಿ ಕೊಡುದಿಲ್ಯಾ?” ಎಂದೆ.

“ಎಂತಕೆ ಅಳ್ಸುದ್?” ಎಂದರು. ಅವರ ಮುಖದಲ್ಲಿ ಬರೀ ಗೊಂದಲ. ನನ್ನ ಕೆನ್ನೆಯನ್ನು ನೇರ ನೋಡಿಯೂ ಅವರಿಗೆ ಏನೂ ನೆನಪಾಗಲಿಲ್ಲ. ಇಷ್ಟು ವರ್ಷ ನಾನು ಸಾಕಿಕೊಂಡು ಬಂದ ಸಿಟ್ಟಿನ ವಿಷಯ ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಬೈದದ್ದಕ್ಕಿಂತ ಅದು ಹೆಚ್ಚು ಉರಿಯಿತು. ನಾನು ಇಳಿದು ಬಂದೆ.

ಚುಕ್ಕೆ ಇದ್ದ ಆ ಸೂರ್ಯನ ಚಿತ್ರ ಗುಂಪಿಗೆ ಹೋಯಿತು, ಮಾರನೆಯ ದಿನ ಪತ್ರಿಕೆಯ ಒಳಪುಟದಲ್ಲಿಯೂ ಬಂತು. ಬಹಳ ದಿನಗಳ ನಂತರ ಸೂರ್ಯಕಲೆ, ನಮ್ಮ ಕರಾವಳಿಯ ಛಾಯಾಗ್ರಾಹಕರ ಕಣ್ಣಿಗೆ ಎಂದು ಹೊಗಳಿ ಬರೆದಿದ್ದರು. ಅಂದು ಸಂಜೆಯೇ ಗುಂಪಿನ ಕಾಲೇಜು ಹುಡುಗಿಯೊಬ್ಬಳು ಪ್ರಶ್ನೆ ಹಾಕಿದಳು. ಆ ದಿನ ಬೇರೆ ಊರುಗಳಲ್ಲಿ ತೆಗೆದ ಚಿತ್ರಗಳಲ್ಲಿ ಚುಕ್ಕೆ ಯಾಕಿಲ್ಲ? ಸಾರ್, ಇವತ್ತಿನ ನಿಮ್ಮ ಚಿತ್ರದಲ್ಲಿಯೂ ಚುಕ್ಕೆ ಕೂದಲೆಳೆಯಷ್ಟೂ ಸರಿದಿಲ್ಲ ಯಾಕೆ?

ಇದೆಲ್ಲ ಆಮೇಲೆ ತಿಳಿದದ್ದು. ನಾವು ಕಂಡದ್ದು ಅವರು ನಮ್ಮ ಗೇಟಿನಲ್ಲಿ ನಿಂತದ್ದನ್ನು. ಒಂದು ಕೈಯಲ್ಲಿ ಬಿಳಿ ಕಾಗದ, ಇನ್ನೊಂದು ಕೈಯನ್ನು ಅದಕ್ಕೆ ಗಾಳಿ ತಾಗದಂತೆ ಅಡ್ಡ ಹಿಡಿದಿದ್ದರು. ಕಾಗದದ ಮೇಲೆ ಕಂಡೂ ಕಾಣದಷ್ಟು ಸಣ್ಣ ಚೂರು.

“ಇದ್ ನಿಮ್ದ್” ಎಂದರು.

ಅಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. “ಬೈಗಿದ್ದ್ ಹುರ್ಪಿ” ಎಂದಳು. “ಬಂಗ್ಡಿದ್ದಲ್ಲ.”

ತಾರಸಿಯಲ್ಲಿ ದುರ್ಬೀನಿಗೆ ಜೋಡಿಸಲು ಕ್ಯಾಮೆರಾದ ಬಾಯಿ ತೆರೆದಾಗ ನಮ್ಮ ಒಣ ಬೈಗೆಯ ಹುರುಪೆಯ ಚೂರು ಗಾಳಿಗೆ ಹಾರಿ ಒಳಗೆ ಕೂತಿತ್ತು. ಇಲ್ಲದ ಕಲೆಯನ್ನು ಅವರು ಸೂರ್ಯನ ಮೇಲೆ ಇಟ್ಟು ಊರಿಗೆಲ್ಲ ತೋರಿಸಿದ್ದರು. ನನಗೆ ಒಳಗೊಳಗೇ ಹಬ್ಬವಾಯಿತು, ಸುಳ್ಳು ಯಾಕೆ ಹೇಳಲಿ. ಅಮ್ಮನಂತೂ ಅವರ ಎದುರೇ ನಕ್ಕಳು.

ಬೇರೆ ಯಾರಾದರೂ ಆಗಿದ್ದರೆ ಮುಖ ಮರೆಸಿಕೊಂಡು ಸುಮ್ಮನಿರುತ್ತಿದ್ದರು. ಇವರು ತಪ್ಪಾಯಿತು ಎಂದು ಪತ್ರಿಕೆಗೆ ಬರೆದರು. ಇಷ್ಟು ಸಣ್ಣದನ್ನೆಲ್ಲ ಹಾಕುವುದಿಲ್ಲ ಎಂದರಂತೆ ಅಲ್ಲಿಯವರು. ಬಸ್ಸು ಹತ್ತಿ ಹೋಗಿ, ಹಾಕುವ ತನಕ ಏಳುವುದಿಲ್ಲ ಎಂದು ಅವರ ಕುರ್ಚಿಯಲ್ಲಿ ಕೂತರಂತೆ. ಕೊನೆಗೆ ಒಂದು ಮೂಲೆಯಲ್ಲಿ ಬಂತು: ಸೂರ್ಯನ ಮೇಲೆ ಕಲೆ ಇರಲಿಲ್ಲ, ಅದು ನೆರೆಮನೆಯ ಮೀನಿನ ಹುರುಪೆ, ತಪ್ಪು ನನ್ನದು. ಅದರಿಂದ ಪೂರ್ತಿ ನಗೆಪಾಟಲಾದರು. ಹಾಲಾಡಿ ಪೇಟೆಯಲ್ಲಿ ಗಿರಾಕಿಗಳು ನನ್ನನ್ನೂ ಬಿಡಲಿಲ್ಲ, “ನಿಮ್ ಮೀನ್ ಸೂರ್ಯನಲ್ಲಿಗೂ ಹೋಯ್ತಂಬ್ರಲೆ” ಎಂದು ಕೇಳಿದರು.

ಆ ಅವಮಾನ ಅವರಿಗೆ ಮೈಗೆ ಹತ್ತಿತು. ಗುಂಪಿಗೆ ಫೋಟೊ ಕಳಿಸುವುದು ನಿಲ್ಲಿಸಿದರು. ಪಂಚಾಯ್ತಿಗೆ ದೂರು ಕೊಟ್ಟರು, ಮನೆಗಳ ನಡುವೆ ಮೀನು ಒಣಗಿಸುವುದನ್ನು ಬಂದ್ ಮಾಡಿಸಬೇಕು ಎಂದು.

ಇದುವರೆಗಿನದು ಬಾಯಿಜಗಳ, ಇದು ಹೊಟ್ಟೆಯ ಮೇಲೆ ಹೊಡೆತ. ತಾರಸಿ ಹೋದರೆ ಮಳೆಗಾಲದಲ್ಲಿ ನಾವು ಏನು ಮಾರುವುದು, ಏನು ತಿನ್ನುವುದು? ಅಮ್ಮ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ವಿಚಾರಣೆಗೆ ಪಂಚಾಯ್ತಿ ಅಧಿಕಾರಿ ಬಂದರು, ಜೊತೆಗೆ ನಮ್ಮ ವಾರ್ಡಿನ ಮೆಂಬರರು. ಮೆಂಬರರು ಸ್ಟುಡಿಯೋದವರಿಗೆ ಬೇಕಾದವರು, ಅವರ ಮದುವೆಯ ಆಲ್ಬಮ್ಮು ಇವರದೇ. ಸ್ಟುಡಿಯೋದವರನ್ನೂ ಕರೆದುಕೊಂಡು ಎಲ್ಲರೂ ನಮ್ಮ ತಾರಸಿ ಹತ್ತಿ ಮೂಗಿಗೆ ಕೈ ಹಿಡಿದು ನಿಂತರು. ಅಧಿಕಾರಿ ದೂರಿನ ಕಾಗದ ಓದಿ, ಕಾಗೆ ಬರುತ್ತದೆ, ಬಿಸಿಗಾಳಿ ಏಳುತ್ತದೆ ಎಂಬುದಕ್ಕೆಲ್ಲ ನೋಟಿಸು ಕೊಡಲು ಬರುವುದಿಲ್ಲ ಎಂದರು.

ಮೆಂಬರರು ದಾರಿ ಹುಡುಕಿದರು. “ಬಾವಿ ನೀರ್ ಹಾಳಾಯ್ತ್ ಅಂದೇಳಿ ಒಂದ್ ಸಾಲ್ ಬರ್ದ್ ಕೊಡಿ. ಮೀನ್ ತೊಳ್ದ ನೀರ್ ಬಾವಿಗೆ ಇಳೀತ್ ಅನ್ನಿ. ನಾಳೆಯೇ ಬಂದ್ ಮಾಡ್ಸುವ.”

“ನನ್ ಬಾವಿ ನೀರ್ ಹಾಳಾಯ್ಲಿಲ್ಲೆ.”

“ಸುಮ್ನೆ ಬರೀನಿ ಮಾರಾಯ್ರೆ. ಯಾರ್ ಕಾಂತ್ರ್?”

ಅಧಿಕಾರಿ ಆಕಾಶ ನೋಡುತ್ತಿದ್ದರು, ಬರೆದುಕೊಟ್ಟರೆ ಬೇಡವೆನ್ನುವ ಮುಖವಲ್ಲ. ನಾನು ಅಮ್ಮನ ಕೈ ಹಿಡಿದುಕೊಂಡೆ. ಒಂದು ಸಾಲು ಸಾಕಾಗಿತ್ತು. ಕಾಗದವೂ ಪೆನ್ನೂ ಬಿಸಿಲಲ್ಲಿ ಕ್ಯಾಮೆರಾ ಹಿಡಿದು ಕಪ್ಪಾದ ಸ್ಟುಡಿಯೋದವರ ಕೈಗೆ ತಲುಪಿದ್ದವು. ನಮ್ಮ ಮೇಲೆ ಅಷ್ಟು ದ್ವೇಷ ಇದ್ದವರು ಬರೆಯುತ್ತಾರೆ ಎಂದೇ ನಾನು ತಿಳಿದೆ, ಅವರ ಜಾಗದಲ್ಲಿ ನಾನಿದ್ದರೆ ಬರೆಯುತ್ತಿದ್ದೆ.

ಅವರು ಪೆನ್ನನ್ನು ಮೆಂಬರರ ಜೇಬಿಗೆ ಸಿಕ್ಕಿಸಿದರು. ಇಳಿದು ಹೋಗಿ ತಮ್ಮ ಬಾವಿಯಿಂದ ನೀರು ಸೇದಿ, ಚೊಂಬಿನಲ್ಲಿ ತಂದು ಅಧಿಕಾರಿಯ ಮುಂದೆ ಹಿಡಿದರು.

“ಕುಡೀನಿ.”

“ಬೇಡ, ಈಗ ಚಾ ಆಯ್ತ್.”

“ಕುಡೀನಿ ಅಂದೆ. ಲಾಯ್ಕ್ ಇತ್ತಾ ಇಲ್ಯಾ ಹೇಳಿ.”

ಅಧಿಕಾರಿ ಕುಡಿದರು. ಚೆನ್ನಾಗಿದೆ ಎಂದರು. ಸ್ಟುಡಿಯೋದವರು ಮೆಂಬರರ ಕಡೆ ತಿರುಗಿದರು. “ನಂಗೆ ತೊಂದ್ರಿ ಇಪ್ಪುದ್ ಕಾಕಿದ್ದ್, ನಾತದ್ದ್, ಈ ಹೆಂಗ್ಸಿನ ನಾಲ್ಗಿದ್ದ್. ಅದಕ್ಕೆ ಆತ್ತಾರೆ ಬಂದ್ ಮಾಡ್ಸಿ. ಇಲ್ದಿದ್ರೆ ಹೋಯ್ನಿ.” ಆಗುವ ಹಾಗಿರಲಿಲ್ಲ, ಅವರು ಹೋದರು. ದೂರು ಅಲ್ಲಿಗೇ ಬಿತ್ತು.

ಮಾರನೆಯ ದಿನ ಅಮ್ಮ ಒಳ್ಳೆಯ ಚಟ್ಲಿ ಆರಿಸಿ, ಬಾಳೆಎಲೆಯಲ್ಲಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿದಳು. ಅದು ಅವಳ ಜೀವಮಾನದ ದೊಡ್ಡ ಸೋಲು. ಸ್ಟುಡಿಯೋದವರು ಬಾಗಿಲಲ್ಲೇ ನಿಂತು ಪೊಟ್ಟಣ ಮೂಸಿ, “ನಾತ ಆಪುದಿಲ್ಲೆ ಅಂದೇಳಿ ದೂರ್ ಕೊಟ್ಟವಂಗೆ ನಾತವನ್ನೇ ಕಳ್ಸ್ತ್ರಿಯಾ?” ಎಂದು ವಾಪಸು ಕೊಟ್ಟರು. ಅಮ್ಮ ಆ ಚಟ್ಲಿಯ ಚಟ್ನಿ ಅರೆದು, ಅವರ ಕಿಟಕಿಗೆ ಕೇಳುವಂತೆ ಬೈಯುತ್ತ ತಿಂದಳು. ಅಲ್ಲಿಂದ ಮತ್ತೆ ಹಳೆಯ ಕಥೆಯೇ. ಬಾಯಿ ಬಿಟ್ಟರೆ ಜಗಳ, ಕಾಗೆ ಬಂದರೆ ಕೂಗು.

ಅವರ ಕೊನೆಯ ವರ್ಷಗಳಲ್ಲಿ ಸೂರ್ಯನ ಮೈತುಂಬ ಕಲೆ ಬಂತು. ಒಂದಲ್ಲ, ಗುಂಪು ಗುಂಪು. ಪ್ರತಿ ದಿನವೂ ಕ್ಯಾಮೆರಾದ ಒಳಗೆ ಊದಿ, ಒರೆಸಿ, ದುರ್ಬೀನು ಸ್ವಲ್ಪ ಸರಿಸಿ ಎರಡು ಸಲ ತೆಗೆದು, ಎರಡರಲ್ಲೂ ಸೂರ್ಯನ ಜೊತೆ ಕಲೆಯೂ ಸರಿದಿದೆಯೇ ಎಂದು ನೋಡಿಯೇ ನಂಬುತ್ತಿದ್ದರು. ಸಂತೋಷವಾಗಿದ್ದರು ಅಂತ ಕಾಣುತ್ತದೆ, ಬೈಗುಳದ ಧ್ವನಿ ಗಟ್ಟಿಯಾಗಿತ್ತು. ಅವರು ನನ್ನೊಡನೆ ಆಡಿದ ಕೊನೆಯ ಮಾತು, “ಇವತ್ತ್ ಗಾಳಿ ಇಲ್ಲೆ. ನಿಮ್ ಮೀನ್ ಒಣಗುದಿಲ್ಲೆ. ನಂಗೆ ಲಾಯ್ಕ್ ಆಯ್ತ್.” ಅದೇ ವರ್ಷ ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಿದ್ದರು, ಆಸ್ಪತ್ರೆಗೆ ಒಯ್ದರು, ಜೀವಂತವಾಗಿ ಮನೆಗೆ ಮರಳಲಿಲ್ಲ. ಅಮ್ಮ ಬೇಲಿಯ ತನಕ ಹೋಗಿ ನಿಂತು, ಆ್ಯಂಬುಲೆನ್ಸಿನಿಂದ ಇಳಿಸುವುದನ್ನು ನೋಡಿ, ಒಳಗೆ ಬಂದು ತಲೆಗೆ ಸ್ನಾನ ಮಾಡಿದಳು. ನೆಂಟರಲ್ಲದವರಿಗೆ ಅವಳು ಹಾಗೆ ಮಾಡಿದ್ದು ನಾನು ಕಂಡಿಲ್ಲ. ನಾನು ಅಳಲಿಲ್ಲ. ಆ ಸ್ಟೂಲಿನ ಮೇಲೆ ಕೂತವಳು ಅವರನ್ನು ಇನ್ನೂ ಕ್ಷಮಿಸಿಲ್ಲ.

ಅವರ ತಮ್ಮನ ಮಗ ಮನೆ ಮಾರಿದ. ಈಗ ಅಲ್ಲಿ ಹೋಮ್‌ಸ್ಟೇ. ಹೊಸಬರು ಗಂಡ ಹೆಂಡತಿ ಇಬ್ಬರೂ ನಗುಮುಖದವರು, ನನ್ನನ್ನು ಅಕ್ಕ ಎನ್ನುತ್ತಾರೆ, ಗೃಹಪ್ರವೇಶಕ್ಕೆ ಅಮ್ಮನ ಕಾಲು ಮುಟ್ಟಿದರು, ನಮ್ಮ ಒಣಮೀನನ್ನು ಹೊಗಳಿ ಹೊಗಳಿ ತಿಂದರು. ಒಂದೇ ಒಂದು ದಿನ ಗಟ್ಟಿಯಾಗಿ ಮಾತಾಡಿದವರಲ್ಲ. ಹಿತ್ತಿಲಲ್ಲಿ ಸಾಲಾಗಿ ಕೋಣೆ ಕಟ್ಟಿಸಿದರು, ಅದರ ಪಾಯಖಾನೆ ಗುಂಡಿಯನ್ನು ಬಾವಿಯ ಪಕ್ಕದಲ್ಲೇ ತೋಡಿಸಿದರು. ಆಮೇಲೆ ನಮಗೆ ನೋಟಿಸು ಬಂತು. ನಮ್ಮ ಮೀನಿನ ನೀರು ಇಳಿದು ಅವರ ಬಾವಿ ಬಹಳ ವರ್ಷಗಳಿಂದ ಹಾಳಾಗಿದೆಯಂತೆ, ಮೊದಲಿನ ಮನೆಯವರೂ ಅದೇ ಕಷ್ಟ ಅನುಭವಿಸಿದ್ದರಂತೆ. ನೀರನ್ನು ಪರೀಕ್ಷೆಗೆ ಕಳಿಸಿದರು, ಕುಡಿಯಲು ಯೋಗ್ಯವಲ್ಲ ಎಂದೇ ಬಂತು.

ವಿಚಾರಣೆಗೆ ನಾನೊಬ್ಬಳೇ ಹೋದೆ. ಹಳೆಯ ಅಧಿಕಾರಿ ವರ್ಗವಾಗಿ ಹೋಗಿದ್ದರು, ಮೆಂಬರರಿಗೆ ಏನೂ ನೆನಪಿರಲಿಲ್ಲ. ಹೊಸ ಅಧಿಕಾರಿ ಒಳ್ಳೆಯ ಹೆಣ್ಣುಮಗಳು, ಕೂರಿಸಿ ಮಾತಾಡಿಸಿದರು.

“ಹಿಂದೆ ಆ ಬಾವಿ ನೀರ್ ಸಮ ಇತ್ತ್ ಅಂದೇಳಿ ಹೇಳುಕೆ ನಿಮ್ ಪರ ಯಾರಾರೂ ಇದ್ರಾ?”

“ನಮ್ ಪರ ಯಾರೂ ಇಲ್ಲೆ” ಎಂದೆ. “ನಮ್ಗೆ ಆಗ್ದಿದ್ದವ್ರ್ ಒಬ್ರಿದ್ರ್. ಅವ್ರ್ ಹೇಳ್ತಿದ್ರ್.”

ಅವರನ್ನು ಕರೆಸಬಹುದೇ ಎಂದು ಅಧಿಕಾರಿ ಪೆನ್ನು ಹಿಡಿದು ಕೇಳಿದರು. ತೀರಿಕೊಂಡರು ಎಂದಾಗ, ‘ಸಾಕ್ಷಿ ಇಲ್ಲ’ ಎಂದು ಬರೆದು, ಸಹಿ ಹಾಕಲು ಕಾಗದವನ್ನು ನನ್ನ ಕಡೆ ತಿರುಗಿಸಿದರು.